ಹಾಲಿನ ಲೆಕ್ಕದ ಆಪ್: ಒಂದೇ ಸರ್ವರ್‌ನಿಂದ ಡೇಟಾಬೇಸ್ ಮತ್ತು ಎಪಿಐ ಬೇರೆ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಹಾಲುಲೆಕ್ಕ:
ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಹಾಲು ಉತ್ಪಾದಕರ ಸಂಘಗಳಿಗೆ ಒಂದು ವೆಬ್ ಆಪ್ ನಡೆಸುತ್ತಿದ್ದೇನೆ. ಬೆಳಿಗ್ಗೆ ಮತ್ತು ಸಂಜೆ ಡೇರಿಗೆ ಬಂದ ಹಾಲಿನ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಅದರಲ್ಲಿ ದಾಖಲಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಬಟವಾಡೆ ಪಟ್ಟಿ ತೆಗೆಯುತ್ತಾರೆ. ಈಗ 38 ಸಂಘಗಳಿವೆ. ಹಾಲು ಹಾಕುವವರು ಸುಮಾರು 4,600 ಜನ. ದಿನಕ್ಕೆ 9,000 ಸಾಲು ಸೇರುತ್ತದೆ, ಒಟ್ಟು ಒಂದು ಕೋಟಿ ದಾಟಿದೆ.

ಎಲ್ಲವೂ ಒಂದೇ ವಿಪಿಎಸ್‌ನಲ್ಲಿದೆ (ಬಾಡಿಗೆಗೆ ಪಡೆದ ವರ್ಚುವಲ್ ಸರ್ವರ್). 2 ಕೋರ್, 4 ಜಿಬಿ ರ್‍ಯಾಮ್. ಆಪ್ ಬರೆದಿರುವುದು ಪೈಥಾನ್‌ನ ಜ್ಯಾಂಗೊದಲ್ಲಿ, ಡೇಟಾಬೇಸ್ ಪೋಸ್ಟ್‌ಗ್ರೆಸ್ 12, ವೆಬ್ ಸರ್ವರ್ ಎನ್‌ಜಿನ್‌ಎಕ್ಸ್. ಇದುವರೆಗೆ ಹೇಗೋ ನಡೆಯಿತು. ಆದರೆ ಬಟವಾಡೆ ದಿನ ಬೆಳಿಗ್ಗೆ ನಾಲ್ಕೈದು ಸಂಘದವರು ಒಟ್ಟಿಗೆ ಪಟ್ಟಿ ಒತ್ತಿದರೆ ಸರ್ವರ್ ನಿಂತುಹೋಗುತ್ತದೆ. ಹೋದ ಸಲ ಮುಕ್ಕಾಲು ಗಂಟೆ ಎಂಟ್ರಿ ಆಗಲಿಲ್ಲ. ಜನ ಕ್ಯಾನ್ ಹಿಡಿದು ಸಾಲಲ್ಲಿ ನಿಂತಿದ್ದರು. ಕಾರ್ಯದರ್ಶಿ ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಹತ್ತಿಸಿದರು. ನನಗೆ ತುಂಬಾ ಬೇಜಾರಾಯಿತು.

ಇನ್ನೊಂದು ಕಡೆ ಮೊಬೈಲ್ ಆಪ್ ಬೇಕು ಎಂದು ಕೇಳುತ್ತಿದ್ದಾರೆ. ಹಾಗಾಗಿ ಎಪಿಐ, ಅಂದರೆ ಬೇರೆ ಪ್ರೋಗ್ರಾಂಗಳು ಡೇಟಾ ಕೇಳುವ, ಕಳಿಸುವ ದಾರಿ, ಬೇಕೇ ಬೇಕು. ಗೆಳೆಯರೊಬ್ಬರು ಆಪನ್ನು ಆರು ಸರ್ವಿಸ್ (ಬೇರೆ ಬೇರೆಯಾಗಿ ಓಡುವ ಸಣ್ಣ ಪ್ರೋಗ್ರಾಂ) ಮಾಡು ಎಂದರು: ಸದಸ್ಯರು, ಹಾಲು, ಬಟವಾಡೆ, ವರದಿ, ಎಸ್‌ಎಂಎಸ್, ಲಾಗಿನ್. ಪ್ರತಿಯೊಂದಕ್ಕೂ ಅದರದೇ ಡೇಟಾಬೇಸ್. ಕೆಲಸ ಮಾಡುವವರು ನಾನು ಮತ್ತು ಇನ್ನೊಬ್ಬ ಹುಡುಗ, ಇಬ್ಬರೇ. ಇದು ಸರಿಯಾದ ದಾರಿಯಾ?

ಬಯಲುಸೀಮೆ:
ಮೊದಲು ಒಂದು ವಿಷಯ ಹೇಳಿ ಸರ್. ಸರ್ವರ್ ನಿಂತಿತು ಅಂದರೆ ನಿಜವಾಗಿ ಏನು ನಿಂತಿತು? ಸಿಪಿಯು ತುಂಬಿತಾ, ಮೆಮೊರಿ ಮುಗಿಯಿತಾ, ಡಿಸ್ಕ್ ನಿಧಾನವಾ? ಕರ್ನೆಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಲಾಗ್‌ನಲ್ಲಿ ಔಟ್ ಆಫ್ ಮೆಮೊರಿ ಎಂದು ಎಲ್ಲಾದರೂ ಇದೆಯಾ ನೋಡಿ.

ಹಾಲುಲೆಕ್ಕ:
ನೋಡಿದೆ ಸರ್. ಇದೆ. ಪಟ್ಟಿ ತಯಾರಿಸುವ ಪೈಥಾನ್ ಪ್ರೊಸೆಸ್‌ಗಳು ಮೆಮೊರಿ ತಿಂದಿವೆ, ಆದರೆ ಸತ್ತಿರುವುದು ಪೋಸ್ಟ್‌ಗ್ರೆಸ್‌ನ ಒಂದು ಪ್ರೊಸೆಸ್. ಒಂದೇ ಪ್ರೊಸೆಸ್ ಸತ್ತರೆ ಎಲ್ಲರಿಗೂ ಎಂಟ್ರಿ ಯಾಕೆ ನಿಂತಿತು ಎನ್ನುವುದು ಅರ್ಥವಾಗಲಿಲ್ಲ.

ಮಳೆಕಾಡು:
ಇದಕ್ಕೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಹದಿನಾಲ್ಕು ವರ್ಷದಿಂದ ಡೇಟಾಬೇಸ್ ನೋಡಿಕೊಳ್ಳುವುದೇ ನನ್ನ ಕೆಲಸ.

ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ಬೇರೆ ಪ್ರೊಸೆಸ್ ಇರುತ್ತದೆ. ಅವೆಲ್ಲ ಒಂದೇ ಮೆಮೊರಿ ಜಾಗವನ್ನು ಹಂಚಿಕೊಂಡು ಓದಿ ಬರೆಯುತ್ತವೆ. ಅದರಲ್ಲಿ ಒಂದನ್ನು ಕರ್ನೆಲ್ ಬಲವಂತವಾಗಿ ಕೊಂದರೆ, ಹಂಚಿಕೊಂಡ ಜಾಗದಲ್ಲಿ ಅರ್ಧ ಬರೆದದ್ದು ಉಳಿದಿರಬಹುದು. ಆ ಅನುಮಾನ ಇಟ್ಟುಕೊಂಡು ನಡೆಯುವುದಕ್ಕಿಂತ ಎಲ್ಲ ಸಂಪರ್ಕ ಕಡಿದು, ಲಾಗ್ ಓದಿ, ಮತ್ತೆ ಏಳುವುದು ವಾಸಿ ಎಂದು ಪೋಸ್ಟ್‌ಗ್ರೆಸ್ ಹಾಗೆ ಮಾಡುತ್ತದೆ. ಅದಕ್ಕೇ 38 ಸಂಘಕ್ಕೂ ಒಟ್ಟಿಗೆ ನಿಂತಿದ್ದು. ಎದ್ದ ಮೇಲೆ ಜನ ಮತ್ತೆ ಪಟ್ಟಿ ಒತ್ತಿರುತ್ತಾರೆ, ಮತ್ತೆ ಅದೇ ಕಥೆ.

ಹಾಗಾಗಿ ಡೇಟಾಬೇಸನ್ನು ಬೇರೆ ಯಂತ್ರಕ್ಕೆ ಒಯ್ಯುವುದಕ್ಕೆ ನಿಮ್ಮ ಹತ್ತಿರ ಒಳ್ಳೆಯ ಕಾರಣವೇ ಇದೆ. ಪೈಥಾನ್ ಹಸಿದರೆ ಅದು ತನ್ನ ಯಂತ್ರದಲ್ಲಿ ಮಾತ್ರ ಸಾಯಬೇಕು. ಡೇಟಾಬೇಸ್‌ಗೇ ಮೀಸಲಾದ ಯಂತ್ರ ಇದ್ದರೆ ರ್‍ಯಾಮ್‌ನ ಕಾಲು ಭಾಗವನ್ನು ಶೇರ್ಡ್ ಬಫರ್ಸ್‌ಗೆ (ಆ ಹಂಚಿಕೊಂಡ ಮೆಮೊರಿಗೆ) ಧೈರ್ಯವಾಗಿ ಕೊಡಬಹುದು. ಈಗ ನಿಮ್ಮಲ್ಲಿ ಬಹುಶಃ ಮೊದಲಿಂದ ಬರುವ 128 ಎಂಬಿಯೇ ಇರುತ್ತದೆ.

ಆದರೆ ಯಂತ್ರ ಬೇರೆ ಮಾಡುವ ಮುಂಚೆ ನನಗೆ ಒಂದು ಉತ್ತರ ಬೇಕು. ನಿಮ್ಮ ಡೇಟಾಬೇಸ್‌ನ ಟೇಬಲ್‌ಗಳನ್ನು ಯಾರ್‍ಯಾರು ಮುಟ್ಟುತ್ತಾರೆ? ಜ್ಯಾಂಗೊ ಒಂದೇನಾ? ಎಲ್ಲವನ್ನೂ ಪಟ್ಟಿ ಮಾಡಿ. ಮರೆತದ್ದು ಒಂದಾದರೂ ಇದ್ದೇ ಇರುತ್ತದೆ.

ಹಾಲುಲೆಕ್ಕ:
ಮೇಡಂ, ನೀವು ಹೇಳಿದ ಮೇಲೆ ಸಂಪರ್ಕಗಳ ಪಟ್ಟಿ ತೆಗೆದು ನೋಡಿದೆ. ಜ್ಯಾಂಗೊ ಬಿಟ್ಟು ಇನ್ನೂ ಮೂರು ಇವೆ. ಎಸ್‌ಎಂಎಸ್ ಕಳಿಸುವ ಸ್ಕ್ರಿಪ್ಟ್ ನೇರ ಟೇಬಲ್ ಓದುತ್ತದೆ, ಕಳಿಸಿದ ಮೇಲೆ ಅಲ್ಲೇ ಗುರುತು ಹಾಕುತ್ತದೆ. ಗೆಳೆಯರೊಬ್ಬರು ಹಿಂದೆ ಬರೆದುಕೊಟ್ಟ ಪಿಎಚ್‌ಪಿ ವರದಿ ಪುಟ ಇದೆ. ಒಂದು ಸಂಘದ ಲೆಕ್ಕಿಗರು ತಮ್ಮ ಎಕ್ಸೆಲ್‌ನಿಂದ ನೇರವಾಗಿ ಸಂಪರ್ಕ ಮಾಡುತ್ತಿದ್ದಾರೆ. ಎರಡು ವರ್ಷದ ಹಿಂದೆ ನಾನೇ ಪಾಸ್‌ವರ್ಡ್ ಕೊಟ್ಟಿದ್ದೆ.

ಮಳೆಕಾಡು:
ಹಾಗಾದರೆ ನಿಮ್ಮ ನಿಜವಾದ ಕೆಲಸ ಅಲ್ಲೇ ಇದೆ. ಮನೆಗೆ ನಾಲ್ಕು ಬಾಗಿಲು ಇವೆ, ಒಂದೊಂದರಲ್ಲಿ ಒಬ್ಬೊಬ್ಬರು ಬಂದು ಹೋಗುತ್ತಿದ್ದಾರೆ. ಈಗ ಮನೆಯನ್ನೇ ಬೇರೆ ಊರಿಗೆ ಸಾಗಿಸಿದರೆ ನಾಲ್ಕು ಬಾಗಿಲೂ ಜೊತೆಗೇ ಬರುತ್ತವೆ. ಮೊದಲು ಇದ್ದ ಜಾಗದಲ್ಲೇ ಒಂದು ಬಾಗಿಲು ಮಾಡಿ. ಅದೇ ನಿಮ್ಮ ಎಪಿಐ. ಎಸ್‌ಎಂಎಸ್ ಸ್ಕ್ರಿಪ್ಟ್ ಎಪಿಐ ಕೇಳಲಿ. ಪಿಎಚ್‌ಪಿ ಪುಟ ಎಪಿಐ ಕೇಳಲಿ, ಇಲ್ಲವೇ ಅದನ್ನು ತೆಗೆದೇ ಬಿಡಿ. ಎಕ್ಸೆಲ್ ಬಳಸುವವರಿಗೆ ಸಿಎಸ್‌ವಿ (ಎಕ್ಸೆಲ್ ತೆರೆಯಬಲ್ಲ ಸರಳ ಪಠ್ಯ ಕಡತ) ಕೊಡುವ ಒಂದು ಕೊಂಡಿ ಮಾಡಿ. ಟೇಬಲ್ ಮುಟ್ಟುವ ಹಕ್ಕು ಒಂದೇ ಕಡೆ ಉಳಿದ ದಿನ, ಡೇಟಾಬೇಸ್ ಎಲ್ಲಿದೆ ಎನ್ನುವುದು ಒಂದು ಸಾಲಿನ ಸೆಟ್ಟಿಂಗ್ ಆಗುತ್ತದೆ.

ಆರು ಸರ್ವಿಸ್, ಆರು ಡೇಟಾಬೇಸ್ ಬೇಡ. ಬಟವಾಡೆ ಎಂದರೆ ಏನು? ಸದಸ್ಯರು, ಹಾಲು, ರೇಟು, ಮುಂಗಡ, ಪಶು ಆಹಾರದ ಸಾಲ, ಎಲ್ಲವನ್ನೂ ಕೂಡಿಸಿ ಕಳೆಯುವ ಕೆಲಸ. ಇವತ್ತು ಅದು ಒಂದು ಟ್ರಾನ್ಸಾಕ್ಷನ್. ಒಂದೋ ಪೂರ್ತಿ ಆಗುತ್ತದೆ, ಇಲ್ಲವೇ ಏನೂ ಆಗುವುದಿಲ್ಲ. ಆರು ಡೇಟಾಬೇಸ್ ಮಾಡಿದ ದಿನ ಆ ಭರವಸೆ ಹೋಯಿತು. ಮುಂಗಡ ಕಳೆದಿದೆ, ಬಟವಾಡೆ ಬರೆದಿಲ್ಲ ಎನ್ನುವ ಸ್ಥಿತಿ ಬರುತ್ತದೆ. ಅದನ್ನು ಸರಿಪಡಿಸುವ ಕೋಡನ್ನು ನೀವಿಬ್ಬರೇ ಬರೆಯಬೇಕು. ಇದು ರೈತರ ದುಡ್ಡು. ಅಲ್ಲಿ ಈ ಅಪಾಯ ತರಬೇಡಿ.

ದೊಡ್ಡವರಿಗೂ ಇದು ಸುಲಭವಲ್ಲ. 2018ರ ಅಕ್ಟೋಬರ್ 21ರಂದು ಕೋಡ್ ಇಡುವ ವೆಬ್‌ಸೈಟ್ ಗಿಟ್‌ಹಬ್‌ನ ಎರಡು ಕೇಂದ್ರಗಳ ನಡುವೆ ನೆಟ್‌ವರ್ಕ್ ಸಂಪರ್ಕ ಹೋಗಿದ್ದು ಬರೀ 43 ಸೆಕೆಂಡ್. ಅಷ್ಟರಲ್ಲಿ ಎರಡೂ ಕಡೆಯ ಡೇಟಾಬೇಸ್‌ಗಳಲ್ಲಿ ಇನ್ನೊಂದರಲ್ಲಿ ಇಲ್ಲದ ಬರಹ ಉಳಿಯಿತು. ಎಲ್ಲ ಹೊಂದಿಸಿ ಮೊದಲಿನಂತೆ ಆಗಲು 24 ಗಂಟೆ 11 ನಿಮಿಷ ಬೇಕಾಯಿತು.

ಉಕ್ಕಿನಸೇತುವೆ:
ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ಇನ್ನೊಂದು ಬದಿಯನ್ನೂ ಹೇಳಬೇಕು. ನಾನು ಬೆಂಗಳೂರಿನಲ್ಲಿ ಒಂದು ದೊಡ್ಡ ತಂಡದಲ್ಲಿದ್ದೇನೆ. ನಮ್ಮಲ್ಲಿ ಸಣ್ಣ ಸಣ್ಣ ಸರ್ವಿಸ್‌ಗಳಾಗಿ ಒಡೆದದ್ದರಿಂದ ನಿಜಕ್ಕೂ ಒಳ್ಳೆಯದಾಯಿತು. ಒಬ್ಬರ ಬಿಡುಗಡೆಗೆ ಇನ್ನೊಬ್ಬರು ಕಾಯುವುದು ತಪ್ಪಿತು. ಒಂದು ಸಂಸ್ಥೆ ಮಾಡುವ ವ್ಯವಸ್ಥೆ ಆ ಸಂಸ್ಥೆಯ ಮಾತುಕತೆಯ ರೂಪವನ್ನೇ ಹೊತ್ತಿರುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್‌ವೇ 1968ರಲ್ಲೇ ಬರೆದಿದ್ದರು. ಇಪ್ಪತ್ತು ತಂಡ ಇದ್ದರೆ ಇಪ್ಪತ್ತು ತುಂಡು ಆಗುತ್ತದೆ, ಆಗಬೇಕು ಕೂಡ.

ಅದೇ ಮಾತನ್ನು ಇಲ್ಲಿಗೆ ತಂದರೆ, ಇಬ್ಬರಿರುವ ಕಡೆ ಆರು ಸರ್ವಿಸ್‌ಗೆ ಕಾರಣವಿಲ್ಲ. 2023ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೊದ ಒಂದು ತಂಡ ತನ್ನ ವಿಡಿಯೊ ಗುಣಮಟ್ಟ ನೋಡುವ ಸಾಧನವನ್ನು ಬಿಡಿ ತುಂಡುಗಳಿಂದ ಮತ್ತೆ ಒಂದೇ ಪ್ರೊಸೆಸ್‌ಗೆ ತಂದು, ಖರ್ಚು ಶೇ 90ಕ್ಕಿಂತ ಜಾಸ್ತಿ ಇಳಿಯಿತು ಎಂದು ಬರೆದುಕೊಂಡಿತ್ತು. ಕೋಡ್ ಒಳಗೆ ಗೆರೆ ಎಳೆಯಿರಿ ಸಾಕು. ಬಟವಾಡೆ ಒಂದು ಮಾಡ್ಯೂಲ್, ಹಾಲು ಒಂದು ಮಾಡ್ಯೂಲ್. ಒಂದರ ಟೇಬಲನ್ನು ಇನ್ನೊಂದು ನೇರ ಮುಟ್ಟದಿರಲಿ. ಮುಂದೆ ತಂಡ ಬೆಳೆದರೆ ಆ ಗೆರೆಯಲ್ಲೇ ಕತ್ತರಿಸಬಹುದು.

ಬಯಲುಸೀಮೆ:
ಬೇರೆ ಮಾಡುವ ಮುಂಚೆ ಪಟ್ಟಿಯ ಕೋಡ್ ಕೂಡ ನೋಡಿ ಸರ್. ಒಂದು ಸಂಘದಲ್ಲಿ ಸುಮಾರು 120 ಸದಸ್ಯರು ಅಂದುಕೊಳ್ಳೋಣ. ಪ್ರತಿ ಸದಸ್ಯರಿಗೂ ಒಂದೊಂದು ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಹೋಗುತ್ತಿದೆಯಾ?

ಹಾಲುಲೆಕ್ಕ:
ಹೌದು ಸರ್, ಹಾಗೆಯೇ ಹೋಗುತ್ತಿದೆ. ಒಂದು ಪಟ್ಟಿಗೆ 120ಕ್ಕೂ ಜಾಸ್ತಿ ಕ್ವೆರಿ. ಅದೂ ಅಲ್ಲದೆ ವರ್ಷದ ಎಲ್ಲ ಸಾಲುಗಳನ್ನೂ ತಂದು ಪೈಥಾನ್‌ನಲ್ಲಿ ಕೂಡಿಸುತ್ತಿದ್ದೇವೆ. ಇನ್ನೊಂದು ಪ್ರಶ್ನೆ. ನಮ್ಮ ಆಪ್ ಇರುವುದು ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ. ಸಿಂಗಪುರದಲ್ಲಿ ಒಂದು ಕಡೆ ಡೇಟಾಬೇಸ್ ಸೇವೆ ಅಗ್ಗಕ್ಕೆ ಸಿಗುತ್ತಿದೆ. ಡೇಟಾಬೇಸ್ ಮಾತ್ರ ಅಲ್ಲಿಟ್ಟರೆ ಆಗುತ್ತದಾ?

ಬಯಲುಸೀಮೆ:
ಆಗುವುದಿಲ್ಲ. ಲೆಕ್ಕ ಹಾಕಿ ನೋಡಿ. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ಗೆರೆ ಎಳೆದರೂ ಸುಮಾರು 3,200 ಕಿ.ಮೀ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ ಹೋಗುತ್ತದೆ. ಹೋಗಿ ಬರಲು 32 ಮಿಲಿಸೆಕೆಂಡ್. ಇದಕ್ಕಿಂತ ಬೇಗ ಯಾರಿಂದಲೂ ಆಗದು, ನಿಜದಲ್ಲಿ ಕೇಬಲ್ ಸುತ್ತಿಕೊಂಡು ಹೋಗುವುದರಿಂದ ಇನ್ನೂ ಜಾಸ್ತಿ. ನಿಮ್ಮ 120 ಕ್ವೆರಿಗೆ ಗುಣಿಸಿ. ಬರೀ ದಾರಿಯಲ್ಲೇ ಸುಮಾರು ನಾಲ್ಕು ಸೆಕೆಂಡ್! ಒಂದೇ ಯಂತ್ರದಲ್ಲಿದ್ದಾಗ ಈ ಖರ್ಚು ಕಣ್ಣಿಗೇ ಬಿದ್ದಿರಲಿಲ್ಲ.

ಆಪ್ ಮತ್ತು ಡೇಟಾಬೇಸ್ ಒಂದೇ ಡೇಟಾ ಸೆಂಟರ್‌ನಲ್ಲಿ, ಒಂದೇ ಖಾಸಗಿ ನೆಟ್‌ವರ್ಕ್‌ನಲ್ಲಿರಲಿ. ಆಗಲೂ ಪ್ರತಿ ಕ್ವೆರಿಗೆ ಸ್ವಲ್ಪ ಸಮಯ ಹೋಗುತ್ತದೆ. ಹಾಗಾಗಿ ಕೂಡಿಸುವ ಕೆಲಸವನ್ನು ಡೇಟಾಬೇಸ್‌ಗೇ ಕೊಡಿ. ಒಂದು ಗ್ರೂಪ್ ಬೈ (ಸದಸ್ಯರ ಪ್ರಕಾರ ಗುಂಪು ಮಾಡಿ ಕೂಡಿಸುವ ಕ್ವೆರಿ) ಬರೆದರೆ 120 ಕ್ವೆರಿ ಒಂದಾಗುತ್ತದೆ, ಮೆಮೊರಿಯ ಹಸಿವೂ ಹೋಗುತ್ತದೆ. ಇದನ್ನು ಇವತ್ತೇ ಮಾಡಬಹುದು. ಯಂತ್ರ ಬದಲಿಸಲು ಕಾಯಬೇಕಾಗಿಲ್ಲ.

ಇನ್ನೊಂದು. ಜ್ಯಾಂಗೊದಲ್ಲಿ ಸುಮ್ನೆ ಬಿಟ್ಟರೆ ಪ್ರತಿ ವಿನಂತಿಗೂ ಡೇಟಾಬೇಸ್ ಸಂಪರ್ಕ ಹೊಸದಾಗಿ ತೆರೆದು ಮುಚ್ಚುತ್ತದೆ. ಸಂಪರ್ಕವನ್ನು ಎಷ್ಟು ಹೊತ್ತು ಉಳಿಸಬೇಕು ಎನ್ನುವ ಕಾನ್ ಮ್ಯಾಕ್ಸ್ ಏಜ್ ಸೆಟ್ಟಿಂಗ್ ಸೊನ್ನೆ ಇರುತ್ತದೆ. ಬೇರೆ ಯಂತ್ರ, ಮೇಲೆ ಟಿಎಲ್‌ಎಸ್ (ದಾರಿಯಲ್ಲಿ ಡೇಟಾ ಗುಪ್ತವಾಗಿಡುವ ವ್ಯವಸ್ಥೆ) ಎಂದಾದರೆ ಪ್ರತಿ ಸಲ ಕೈಕುಲುಕಿ ಪರಿಚಯ ಹೇಳಿಕೊಳ್ಳಲು ಹಲವು ಸುತ್ತು ಬೇಕು. ಆ ಸೆಟ್ಟಿಂಗನ್ನು 60 ಸೆಕೆಂಡ್ ಮಾಡಿ.

ಮಳೆಕಾಡು:
ಸಂಪರ್ಕ ಜಾಸ್ತಿಯಾದರೆ ಮುಂದೆ ಕೆಲವೇ ಸಂಪರ್ಕಗಳನ್ನು ಎಲ್ಲರಿಗೂ ಹಂಚುವ ಪಿಜಿಬೌನ್ಸರ್ ಇಡಬೇಕಾಗುತ್ತದೆ. ಪೋಸ್ಟ್‌ಗ್ರೆಸ್ ಮೊದಲಿಂದ ಬಿಡುವುದು 100 ಸಂಪರ್ಕ ಮಾತ್ರ. ಅದರಲ್ಲಿ ಟ್ರಾನ್ಸಾಕ್ಷನ್ ಪೂಲಿಂಗ್ (ಟ್ರಾನ್ಸಾಕ್ಷನ್ ಮುಗಿದೊಡನೆ ಸಂಪರ್ಕವನ್ನು ಬೇರೆಯವರಿಗೆ ಕೊಡುವುದು) ಇಟ್ಟರೆ ಜ್ಯಾಂಗೊದಲ್ಲಿ ಸರ್ವರ್ ಸೈಡ್ ಕರ್ಸರ್ (ದೊಡ್ಡ ಉತ್ತರವನ್ನು ತುಂಡು ತುಂಡಾಗಿ ಓದುವ ವಿಧಾನ) ಆಫ್ ಮಾಡುವುದನ್ನು ಮರೆಯಬೇಡಿ. ಮರೆತರೆ ದೊಡ್ಡ ಪಟ್ಟಿ ಅರ್ಧ ಓದಿದಾಗ ಕರ್ಸರ್ ಇಲ್ಲ ಎನ್ನುವ ದೋಷ ಬರುತ್ತದೆ. ಆದರೆ ನಿಮ್ಮ ಗಾತ್ರಕ್ಕೆ ಇದು ಇವತ್ತಿನ ಚಿಂತೆ ಅಲ್ಲ.

ಇವತ್ತಿನ ಚಿಂತೆ ಭದ್ರತೆ. ಪೋಸ್ಟ್‌ಗ್ರೆಸ್‌ನ 5432 ಪೋರ್ಟನ್ನು ಇಂಟರ್ನೆಟ್‌ಗೆ ತೆರೆಯಬೇಡಿ. ಪೋಸ್ಟ್‌ಗ್ರೆಸ್ ಖಾಸಗಿ ಐಪಿಯಲ್ಲಿ ಮಾತ್ರ ಕಿವಿಗೊಡಲಿ. ಎಪಿಐಗೆ ಒಂದು ರೋಲ್ (ಡೇಟಾಬೇಸ್ ಬಳಕೆದಾರ), ಮೈಗ್ರೇಷನ್‌ಗೆ (ಟೇಬಲ್ ರಚನೆ ಬದಲಿಸುವುದಕ್ಕೆ) ಇನ್ನೊಂದು ರೋಲ್ ಮಾಡಿ. ಎಪಿಐ ರೋಲ್‌ಗೆ ಟೇಬಲ್ ಅಳಿಸುವ ಹಕ್ಕು ಇರಬಾರದು. ಆ ಹಳೆಯ ಎಕ್ಸೆಲ್ ಪಾಸ್‌ವರ್ಡ್ ಇವತ್ತೇ ಬದಲಿಸಿ.

ಹಸಿರುಗದ್ದೆ:
ನಾನು ಮೊಬೈಲ್ ಆಪ್ ಮಾಡುವವಳು. ಎಪಿಐ ಬಗ್ಗೆ ನನ್ನ ಮಾತು ಸೇರಿಸುತ್ತೇನೆ. ಡೇರಿ ಇರುವ ಕಡೆ ನೆಟ್‌ವರ್ಕ್ ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಫೋನ್ ಎಂಟ್ರಿ ಕಳಿಸುತ್ತದೆ, ಸರ್ವರ್ ಬರೆದುಕೊಳ್ಳುತ್ತದೆ, ಉತ್ತರ ವಾಪಸ್ ಬರುವಾಗ ಸಿಗ್ನಲ್ ಹೋಗುತ್ತದೆ. ಫೋನಿಗೆ ಅದು ಸೋತಂತೆ ಕಾಣುತ್ತದೆ. ಮತ್ತೆ ಕಳಿಸುತ್ತದೆ. ಒಬ್ಬರಿಗೆ 6 ಲೀಟರ್ ಬದಲು 12 ಲೀಟರ್ ಬರೆದಿರುತ್ತದೆ.

ಅದಕ್ಕೆ ಫೋನಿನಲ್ಲೇ ಪ್ರತಿ ಎಂಟ್ರಿಗೂ ಒಂದು ಯುಯುಐಡಿ (ಬೇರೆಲ್ಲೂ ಬರದ ಗುರುತು) ಹುಟ್ಟಬೇಕು. ಎಷ್ಟು ಸಲ ಕಳಿಸಿದರೂ ಅದೇ ಗುರುತು ಹೋಗಬೇಕು. ಡೇಟಾಬೇಸ್‌ನಲ್ಲಿ ಆ ಕಾಲಂಗೆ ಯುನೀಕ್ ನಿರ್ಬಂಧ (ಒಂದೇ ಗುರುತು ಎರಡು ಸಲ ಬರಬಾರದು ಎನ್ನುವ ನಿಯಮ) ಹಾಕಿ. ಎರಡನೇ ಸಲ ಬಂದರೆ ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್, ಅಂದರೆ ಏನೂ ಬರೆಯದೆ ಬಿಡಲಿ. ದೋಷ ಎಂದು ಉತ್ತರ ಕೊಡಬೇಡಿ. ಮೊದಲ ಸಲ ಕೊಟ್ಟ ಉತ್ತರವನ್ನೇ ಮತ್ತೆ ಕೊಡಿ. ಸದಸ್ಯ, ದಿನ, ಹೊತ್ತು, ಇಷ್ಟನ್ನೇ ಯುನೀಕ್ ಮಾಡಿದರೆ ಸಾಲದಾ ಎಂದು ಕೇಳಬಹುದು. ಸಾಲದು. ಒಂದೇ ಮನೆಯವರು ಹಸುವಿನ ಹಾಲು ಒಂದು ಕ್ಯಾನ್, ಎಮ್ಮೆ ಹಾಲು ಒಂದು ಕ್ಯಾನ್ ತರುತ್ತಾರಲ್ವಾ?

ದುಡ್ಡನ್ನು ಜೇಸನ್‌ನಲ್ಲಿ (ಎಪಿಐ ಡೇಟಾ ಕಳಿಸುವ ಪಠ್ಯ ರೂಪ) ದಶಮಾಂಶ ಸಂಖ್ಯೆಯಾಗಿ ಕಳಿಸಬೇಡಿ. ಜಾವಾಸ್ಕ್ರಿಪ್ಟ್ ಅದನ್ನು ಫ್ಲೋಟ್ (ಅಂದಾಜು ದಶಮಾಂಶ) ಮಾಡಿ ಓದುತ್ತದೆ. ಅಲ್ಲಿ 0.1ಕ್ಕೆ 0.2 ಕೂಡಿಸಿದರೆ 0.3 ಸರಿಯಾಗಿ ಬರುವುದಿಲ್ಲ. ಪೈಸೆಯಲ್ಲಿ ಪೂರ್ಣಾಂಕವಾಗಿ ಕಳಿಸಿ, ಇಲ್ಲವೇ ಅಕ್ಷರಗಳಾಗಿ ಕಳಿಸಿ. ರೇಟಿನ ಲೆಕ್ಕ ಸರ್ವರ್‌ನಲ್ಲಿ ಮಾತ್ರ ನಡೆಯಲಿ. ಫೋನಿನಲ್ಲಿ ಒಂದು ಲೆಕ್ಕ, ಸರ್ವರ್‌ನಲ್ಲಿ ಒಂದು ಲೆಕ್ಕ ಬಂದರೆ ಐದು ಪೈಸೆಗೂ ಜಗಳ ಆಗುತ್ತದೆ. ಅವರು ಜಗಳ ಮಾಡುವುದು ಸರಿಯೇ.

ಕೊನೆಗೆ, ಎಪಿಐ ವಿಳಾಸದಲ್ಲಿ ಮೊದಲ ದಿನವೇ ವಿ1 (ಮೊದಲ ಆವೃತ್ತಿ) ಎಂದು ಇಡಿ. ವೆಬ್ ಪುಟವನ್ನು ನೀವು ಒಂದು ರಾತ್ರಿಯಲ್ಲಿ ಬದಲಿಸಬಹುದು. ಜನರ ಫೋನಿನಲ್ಲಿರುವ ಆಪನ್ನು ಬದಲಿಸಲು ಆಗುವುದಿಲ್ಲ.

ತಾಳೆಗರಿ:
ಕನ್ನಡ ಹೆಸರುಗಳ ಬಗ್ಗೆ ಒಂದು ಮಾತು. ಕೊಪ್ಪ ಎನ್ನುವುದರಲ್ಲಿರುವ ಒತ್ವವನ್ನು ಯುನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಒಂದೇ ಸಂಕೇತವಾಗಿ, ಇಲ್ಲವೇ ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿ. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸ್‌ಗೆ ಬೇರೆ ಬೇರೆ. ಒಂದು ಕೀಬೋರ್ಡಿನಿಂದ ಹಾಕಿದ ಹೆಸರು ಇನ್ನೊಂದರಿಂದ ಹುಡುಕಿದರೆ ಸಿಗದೇ ಹೋಗಬಹುದು. ಎಪಿಐ ಒಳಗೆ ಬರುವ ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ರೂಪಕ್ಕೆ (ಜೋಡಿಸಿದ ಒಂದೇ ಸಂಕೇತದ ರೂಪ) ತಂದು ಬರೆಯಿರಿ. ಹಳೆಯ ಸಾಲುಗಳಿಗೆ ಪೋಸ್ಟ್‌ಗ್ರೆಸ್ 13ರಿಂದ ನಾರ್ಮಲೈಜ್ ಎನ್ನುವ ಫಂಕ್ಷನ್ ಇದೆ. ಒಂದೇ ಬಾಗಿಲು ಇದ್ದರೆ ಇಂಥದ್ದನ್ನು ಒಂದೇ ಕಡೆ ಮಾಡಿ ಮುಗಿಸಬಹುದು.

ಹಾಲುಲೆಕ್ಕ:
ಎಲ್ಲರಿಗೂ ಮನಸಾರೆ ಧನ್ಯವಾದ. ಪಟ್ಟಿಯ ಕ್ವೆರಿ ಸರಿಮಾಡಿದೆ. ಒಂದು ಸಂಘದ ಪಟ್ಟಿ 40 ಸೆಕೆಂಡಿನಿಂದ 2 ಸೆಕೆಂಡಿಗೆ ಇಳಿಯಿತು. ಎಪಿಐ ಬರೆಯಲು ಶುರು ಮಾಡಿದ್ದೇವೆ. ಪೋಸ್ಟ್‌ಗ್ರೆಸ್ 12ಕ್ಕೆ 2024ರ ನವೆಂಬರ್‌ಗೇ ಬೆಂಬಲ ನಿಂತಿದೆ. ಹಾಗಾಗಿ ಹೊಸ ಯಂತ್ರದಲ್ಲಿ 16 ಹಾಕುವ ಯೋಚನೆ. ಡೇಟಾ ಫೋಲ್ಡರನ್ನೇ ನಕಲು ಮಾಡಿದರೆ ಬೇಗ ಆಗುವುದಿಲ್ಲವಾ?

ಮಳೆಕಾಡು:
ಬೇಡ. ಮುಖ್ಯ ಆವೃತ್ತಿ ಬೇರೆಯಾದರೆ ಆ ಫೋಲ್ಡರ್ ಹಾಗೇ ತೆರೆಯುವುದೇ ಇಲ್ಲ. ಒಂದೇ ಆವೃತ್ತಿಯಾಗಿದ್ದರೂ ಹಳೆಯ ಉಬುಂಟುವಿನಿಂದ ಹೊಸದಕ್ಕೆ ಹೋಗುವಾಗ ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಲೈಬ್ರರಿ) ಬದಲಾಗಿರುತ್ತದೆ. 2018ರಲ್ಲಿ ಬಂದ ಅದರ 2.28 ಆವೃತ್ತಿಯಲ್ಲಿ ಅಕ್ಷರ ವಿಂಗಡಿಸುವ ಕ್ರಮವೇ ಬದಲಾಯಿತು. ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ) ಹಳೆಯ ಕ್ರಮದಲ್ಲಿ, ಹುಡುಕಾಟ ಹೊಸ ಕ್ರಮದಲ್ಲಿ. ಇರುವ ಸದಸ್ಯರೇ ಇಲ್ಲ ಎಂದು ಉತ್ತರ ಬರಬಹುದು. ಪಿಜಿ ಡಂಪ್ (ಡೇಟಾವನ್ನು ಕಡತವಾಗಿ ಹೊರತೆಗೆಯುವ ಸಾಧನ) ಬಳಸಿ ಡಂಪ್ ತೆಗೆದು ಹೊಸದರಲ್ಲಿ ರಿಸ್ಟೋರ್ ಮಾಡಿ. ಇಂಡೆಕ್ಸ್ ಹೊಸದಾಗಿ ಕಟ್ಟುತ್ತದೆ. ಒಂದು ಕೋಟಿ ಸಾಲು ಒಂದು ರಾತ್ರಿಯ ಕೆಲಸ, ಅಷ್ಟೇ.

ನಿಜವಾದ ರಾತ್ರಿಗೆ ಮುಂಚೆ ಎರಡು ಸಲ ಅಭ್ಯಾಸ ಮಾಡಿ. ಬ್ಯಾಕಪ್‌ನಿಂದ ನಿಜಕ್ಕೂ ವಾಪಸ್ ತರಲು ಆಗುತ್ತದಾ ಎಂದು ಅದರಲ್ಲೇ ಗೊತ್ತಾಗುತ್ತದೆ. 2017ರ ಜನವರಿ 31ರಂದು ಗಿಟ್‌ಹಬ್‌ನಂಥದೇ ಸೇವೆ ಗಿಟ್‌ಲ್ಯಾಬ್‌ನಲ್ಲಿ ಒಬ್ಬ ಎಂಜಿನಿಯರ್ ತಪ್ಪು ಸರ್ವರ್‌ನಲ್ಲಿ ಡೇಟಾ ಅಳಿಸಿದರು. ದಿನವೂ ತೆಗೆಯುತ್ತಿದ್ದ ಡಂಪ್ ಇದೆ ಎಂದುಕೊಂಡಿದ್ದರು. ಡಂಪ್ ತೆಗೆಯುವ ಸಾಧನ ಪೋಸ್ಟ್‌ಗ್ರೆಸ್ 9.2ರದ್ದು, ಡೇಟಾಬೇಸ್ 9.6. ಎಷ್ಟೋ ದಿನದಿಂದ ಅದು ಸೋಲುತ್ತಲೇ ಇತ್ತು, ಯಾರಿಗೂ ಸುದ್ದಿ ಮುಟ್ಟಿರಲಿಲ್ಲ. ಸುಮಾರು ಆರು ಗಂಟೆಯ ಡೇಟಾ ಹೋಯಿತು. ನೀವು 12ರಿಂದ 16ಕ್ಕೆ ಹೋಗುವಾಗ ಡಂಪ್ ತೆಗೆಯಲು 16ರ ಸಾಧನವನ್ನೇ ಬಳಸಿ.

ಹಾಲುಲೆಕ್ಕ:
ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಕೆಲಸ ಆಯಿತು. ಮುಂದೆ ಯಾರಿಗಾದರೂ ಬೇಕಾಗಬಹುದು ಎಂದು ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮೊದಲ ಮೂರು ವಾರ ಹಳೆಯ ಯಂತ್ರದಲ್ಲೇ ಎಪಿಐ ಮಾಡಿದೆವು. ಎಸ್‌ಎಂಎಸ್ ಸ್ಕ್ರಿಪ್ಟ್ ಎಪಿಐಗೆ ಬಂತು. ಪಿಎಚ್‌ಪಿ ಪುಟ ತೆಗೆದೆವು. ಲೆಕ್ಕಿಗರಿಗೆ ಸಿಎಸ್‌ವಿ ಕೊಂಡಿ ಕೊಟ್ಟೆ, ಅವರಿಗೆ ಅದೇ ಸುಲಭವಾಯಿತಂತೆ. ಆಮೇಲೆ ಉಳಿದ ಎಲ್ಲ ಪಾಸ್‌ವರ್ಡ್ ರದ್ದು ಮಾಡಿ ಒಂದು ವಾರ ಸುಮ್ಮನೆ ಕಾದೆವು. ಎರಡನೇ ದಿನ ನನಗೇ ನೆನಪಿಲ್ಲದ ಒಂದು ಕ್ರಾನ್ ಕೆಲಸ (ನಿಗದಿತ ಹೊತ್ತಿಗೆ ತಾನೇ ಓಡುವ ಸ್ಕ್ರಿಪ್ಟ್) ಸೋತಿತು. ವರ್ಷಾಂತ್ಯದ ಬೋನಸ್ ಲೆಕ್ಕಕ್ಕೆ ಬರೆದಿದ್ದು. ಮೇಡಂ, ಮರೆತದ್ದು ಒಂದಾದರೂ ಇರುತ್ತದೆ ಎಂದು ನೀವು ಹೇಳಿದ್ದು ಅಕ್ಷರಶಃ ನಿಜವಾಯಿತು.

ಸಾಗಿಸಿದ ರಾತ್ರಿ 10ಕ್ಕೆ ಶುರು ಮಾಡಿ 11:40ಕ್ಕೆ ಮುಗಿಸಿದೆವು. ಎರಡು ಸಲ ಅಭ್ಯಾಸ ಮಾಡಿದ್ದರಿಂದ ಗಾಬರಿ ಆಗಲಿಲ್ಲ. ಆದರೆ ಬೆಳಿಗ್ಗೆ ಎರಡು ತೊಂದರೆ ಬಂತು.

ಒಂದು, ಎಲ್ಲವೂ ಹಳೆಯದಕ್ಕಿಂತ ನಿಧಾನವಾಗಿತ್ತು. ರಿಸ್ಟೋರ್ ಆದ ಮೇಲೆ ಅನಲೈಜ್ ಓಡಿಸಿರಲಿಲ್ಲ. ಯಾವ ಟೇಬಲ್ ಎಷ್ಟು ದೊಡ್ಡದು, ಯಾವ ಕಾಲಂನಲ್ಲಿ ಏನಿದೆ ಎಂಬ ಅಂದಾಜೇ ಪೋಸ್ಟ್‌ಗ್ರೆಸ್‌ಗೆ ಇರಲಿಲ್ಲ. ಓಡಿಸಿದ ಎರಡು ನಿಮಿಷಕ್ಕೆ ಸರಿಯಾಯಿತು.

ಎರಡನೆಯದು ನನ್ನ ನಿದ್ದೆ ಕೆಡಿಸಿತು. ದೂರದ ಮೂರು ಸಂಘಗಳಲ್ಲಿ ಹಾಲಿನ ವಾಹನ ಬೇಗ ಬರುತ್ತದೆ. ಅವರು 5 ಗಂಟೆಗೇ ಹಾಲು ತೆಗೆದುಕೊಳ್ಳುತ್ತಾರೆ. ಆ ದಿನ ಅವರ ಮೊದಲ ಅರ್ಧ ಗಂಟೆಯ ಎಂಟ್ರಿಗಳೆಲ್ಲ ಹಿಂದಿನ ದಿನದ ತಾರೀಖಿಗೆ ಹೋಗಿದ್ದವು. ಹೊಸ ಯಂತ್ರ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇತ್ತು. ಎಪಿಐ ತಾರೀಖನ್ನು ಆ ಯಂತ್ರದ ಗಡಿಯಾರದಿಂದ ತೆಗೆದುಕೊಳ್ಳುತ್ತಿತ್ತು. ನಮ್ಮ ಬೆಳಗಿನ 5:30ಕ್ಕೆ ಯುಟಿಸಿಯಲ್ಲಿ ಮಧ್ಯರಾತ್ರಿ. ಅದಕ್ಕಿಂತ ಮುಂಚೆ ಬಂದ ಹಾಲೆಲ್ಲ ನಿನ್ನೆಯದಾಯಿತು. ಒಟ್ಟು 83 ಎಂಟ್ರಿ. ಮೂರೂ ಸಂಘದ ಕಾರ್ಯದರ್ಶಿಗಳಿಗೆ ಫೋನ್ ಮಾಡಿ, ಚೀಟಿ ನೋಡಿ, ಒಂದೊಂದಾಗಿ ಸರಿಮಾಡಿದೆ. ಈಗ ದಾಖಲಾದ ಗಳಿಗೆ ಯುಟಿಸಿಯಲ್ಲಿ ಇರುತ್ತದೆ. ಹಾಲಿನ ದಿನ ಮತ್ತು ಹೊತ್ತು ಬೇರೆ ಕಾಲಂನಲ್ಲಿ ಇರುತ್ತದೆ, ಅದು ಡೇರಿಯಲ್ಲಿ ಆರಿಸಿದ್ದೇ ಬರುತ್ತದೆ.

ಆಮೇಲೆ ಬಟವಾಡೆಯೂ ಆಗಿದೆ. ಎಂಟ್ರಿ ಒಂದು ನಿಮಿಷವೂ ನಿಂತಿಲ್ಲ.

ಹಸಿರುಗದ್ದೆ:
ತುಂಬಾ ಸಂತೋಷವಾಯಿತು ಸರ್. ಸಂಜೆಯ ಎಂಟ್ರಿಯಲ್ಲಿ ಹೀಗೆ ಆಗಿಲ್ಲವೇ ಎಂದು ಪರೀಕ್ಷೆಯಲ್ಲಿ ನೋಡಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ, ಸಂಜೆ ಹೊತ್ತು ಎರಡೂ ಕಡೆ ತಾರೀಖು ಒಂದೇ. ಬೆಳಗಿನ 5:10ಕ್ಕೆ ಒಂದು, 5:50ಕ್ಕೆ ಒಂದು ಎಂಟ್ರಿ ಹಾಕಿ ನೋಡುವ ಪರೀಕ್ಷೆಯನ್ನು ಕೋಡ್ ಜೊತೆಗೇ ಬರೆದಿಡಿ. ನಾನೂ ನಮ್ಮಲ್ಲಿ ಇವತ್ತೇ ಸೇರಿಸುತ್ತೇನೆ. ಹಳೆಯ ಎಂಟ್ರಿ ಪುಟ ಯಾವಾಗ ಮುಚ್ಚುತ್ತೀರಿ?

ಹಾಲುಲೆಕ್ಕ:
ಪರೀಕ್ಷೆ ಬರೆದಾಯಿತು ಮೇಡಂ. ಹಳೆಯ ಪುಟಕ್ಕೆ ದಿನಕ್ಕೆ ಎಷ್ಟು ವಿನಂತಿ ಬರುತ್ತಿದೆ ಎಂದು ಲಾಗ್‌ನಲ್ಲಿ ಎಣಿಸುತ್ತಿದ್ದೇನೆ. 38ರಲ್ಲಿ 36 ಸಂಘಗಳು ಹೊಸದಕ್ಕೆ ಬಂದಿವೆ. ಉಳಿದ ಎರಡು ಕಡೆ ಕಂಪ್ಯೂಟರ್ ತುಂಬಾ ಹಳೆಯದು, ಬ್ರೌಸರ್ ಹೊಸ ಪುಟ ತೆರೆಯುತ್ತಿಲ್ಲ. ಭಾನುವಾರ ಬೆಳಗಿನ ಹಾಲು ಮುಗಿದ ಮೇಲೆ ನಾನೇ ಹೋಗಿ ನೋಡಿ ಬರುತ್ತೇನೆ. ಅದಾದ ಮೇಲೆ ಮುಚ್ಚುತ್ತೇನೆ.